ಹೊಲಿಗೆ ಕೋಣೆಗೆ ನಾನು ನೆಲ ಆರಿಸಿದ್ದು ಹೀಗೆ

ಹೊಲಿಗೆ ಕೋಣೆಯ ನೆಲ ಬದಲಾಯಿಸುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಯಾವ ಡಿಸೈನ್ ಅಂತ. ನನಗಿದ್ದದ್ದು ಬೇರೆ ಪ್ರಶ್ನೆ: ಕೈಜಾರಿದ ಗುಂಡುಪಿನ್ನು ಈ ನೆಲದ ಮೇಲೆ ಕಣ್ಣಿಗೆ ಬೀಳುತ್ತದಾ? ನಾನು ಪೆಡಲ್ ಒತ್ತುವುದು ಬರಿಗಾಲಲ್ಲಿ. ವೇಗದ ಹಿಡಿತ ಆಗಲೇ ಚೆನ್ನಾಗಿ ಸಿಗುವುದು. ದೊಡ್ಡ ಬಟ್ಟೆ ಕತ್ತರಿಸುವಾಗ ನೆಲದ ಮೇಲೇ ಹಾಸಿ ಮಂಡಿಯೂರಿ ಕೂರುತ್ತೇನೆ. ಅಲ್ಲೊಂದು ಸೂಜಿ ಬಿದ್ದಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಹಾಗಾಗಿ ಅಂಗಡಿಯ ಬೆಳಕನ್ನು ನಂಬದೆ ಸ್ಯಾಂಪಲ್ ತುಂಡುಗಳನ್ನು ಮನೆಗೆ ತಂದೆ. ರಾತ್ರಿ ನಾನು ಹೊಲಿಯುವ ದೀಪದ ಕೆಳಗೇ ಸಾಲಾಗಿಟ್ಟೆ. ಒಂದೊಂದರ ಮೇಲೂ ಪಿನ್ನು, ಮುರಿದ ಸೂಜಿಯ ತುದಿ, ಕಪ್ಪು ದಾರ, ಬಿಳಿ ದಾರ ಹಾಕಿ, ಎದ್ದು ನಿಂತು ನೋಡಿದೆ. ಗ್ರಾನೈಟಿನಂಥ ಚುಕ್ಕೆ ಇದ್ದ ತುಂಡಿನಲ್ಲಿ ಸೂಜಿಯ ತುದಿ ಕಾಣಲೇ ಇಲ್ಲ. ಹೊಳೆಯುವ ಬಿಳಿ ಟೈಲ್ಸಿನಲ್ಲಿ ದೀಪದ ಪ್ರತಿಬಿಂಬದೊಳಗೆ ಪಿನ್ನಿನ ಹೊಳಪೂ ಸೇರಿಹೋಯಿತು. ಮರದ ಗೆರೆಗಳಿದ್ದ ತುಂಡಿನಲ್ಲಿ ಪಿನ್ನು ಉದ್ದಕ್ಕೆ ಮಲಗಿದರೆ ಅದೂ ಒಂದು ಗೆರೆ, ಅಷ್ಟೇ. ಹೊಳಪಿಲ್ಲದ, ಒಂದೇ ಬಣ್ಣದ ಮಬ್ಬು ಹಸಿರಿನ ಮೇಲೆ ಮಾತ್ರ ನಾಲ್ಕೂ ಥಟ್ಟನೆ ಕಂಡವು. ಬಣ್ಣ ಅಲ್ಲಿಗೆ ತೀರ್ಮಾನವಾಯಿತು.

ಇನ್ನು ಯಾವ ನೆಲ ಅನ್ನುವುದು. ಕಾರ್ಪೆಟ್ ಬಗ್ಗೆ ಯೋಚಿಸಲೇ ಇಲ್ಲ. ಪಿನ್ನು ಒಳಗೆ ಇಳಿದು ಕೂರುತ್ತದೆ, ದಾರದ ಎಳೆ ಗುಡಿಸಿದರೆ ಬರುವುದಿಲ್ಲ, ಕುರ್ಚಿಯ ಚಕ್ರವೂ ಸಲೀಸಾಗಿ ಉರುಳುವುದಿಲ್ಲ. ಲ್ಯಾಮಿನೇಟ್ ನೋಡಲು ಚೆಂದ, ಆದರೆ ಅದರ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಸ್ಟೀಮ್ ಇಸ್ತ್ರಿಗೆ ತುಂಬುವ ನೀರು ಚೆಲ್ಲಿ ಸಂದಿಗೆ ಇಳಿದರೆ ಅಂಚು ಉಬ್ಬುತ್ತದೆ. ಕಾರ್ಕ್, ಅಂದರೆ ಮರದ ತೊಗಟೆಯಿಂದ ಮಾಡಿದ ನೆಲಹಾಸು, ನನಗೆ ತುಂಬಾ ಹಿಡಿಸಿತು. ಕಾಲಿಗೆ ಮೆತ್ತಗೆ, ಮಷಿನ್ನಿನ ಸದ್ದನ್ನೂ ತಗ್ಗಿಸುತ್ತದೆ. ಆದರೆ ನನ್ನ ಮಷಿನ್ ಮೇಜು ಭಾರದ್ದು. ಕಾಲೂರಿದ ಕಡೆ ಗುಳಿ ಬೀಳುತ್ತದೆ.

ಕೋಣೆಯಲ್ಲಿ ಮೊದಲೇ ಇದ್ದದ್ದು ಟೈಲ್ಸ್. ಗುಡಿಸಲು, ಒರೆಸಲು ಅದರಷ್ಟು ಸುಲಭ ಇನ್ನೊಂದಿಲ್ಲ. ಆದರೆ ಕತ್ತರಿ ಕೆಳಗೆ ಬಿದ್ದರೆ ತುದಿ ಮುರಿಯುತ್ತದೆ, ಇಲ್ಲವೇ ಎರಡು ಅಲಗು ಸರಿಯಾಗಿ ಕೂಡುವುದಿಲ್ಲ. ಒಳ್ಳೆಯ ಕತ್ತರಿ ಇಟ್ಟುಕೊಂಡವರಿಗೆ ಆ ಸಂಕಟ ಗೊತ್ತು. ಹೊತ್ತುಗಟ್ಟಲೆ ನಿಂತು ಕತ್ತರಿಸಿದರೆ ಹಿಮ್ಮಡಿಯೂ ನೋಯುತ್ತದೆ.

ಕೊನೆಗೆ ಟೈಲ್ಸ್ ಕೀಳಿಸದೆ ಅದರ ಮೇಲೇ ದಪ್ಪ ವಿನೈಲ್ ಶೀಟ್, ಅಂದರೆ ಪ್ಲಾಸ್ಟಿಕ್ಕಿನ ನೆಲಹಾಸು, ಅಂಟಿಸಿದೆವು. ಹಲಗೆ ಹಲಗೆಯಾಗಿ ಜೋಡಿಸುವ ಬಗೆ ಬೇಡ ಅಂದೆ. ಸಂದು ಜಾಸ್ತಿ. ಅದರ ಅಡಿ ದಪ್ಪ ಫೋಮ್ ಹಾಕಿದ್ದರೆ ಮಷಿನ್ ಜೋರಾಗಿ ಓಡುವಾಗ ನೆಲವೂ ಸಣ್ಣಗೆ ಅದುರುತ್ತದೆ. ಗಟ್ಟಿ ನೆಲಕ್ಕೆ ಅಂಟಿದ ಶೀಟಿನಲ್ಲಿ ಆ ತೊಂದರೆ ಇಲ್ಲ. ಅಂಟಿಸುವ ಮುಂಚೆ ಟೈಲ್ಸಿನ ಸಂದುಗಳಿಗೆಲ್ಲ ಪುಟ್ಟಿ ತುಂಬಿಸಿ ಮಟ್ಟ ಮಾಡಿಸಲೇಬೇಕು. ಬಿಟ್ಟರೆ ಸ್ವಲ್ಪ ದಿನಕ್ಕೆ ಆ ಗೆರೆಗಳು ಮೇಲೆ ಮೂಡುತ್ತವೆ.

ವಿನೈಲಿಗೆ ಆಗದ್ದು ಬಿಸಿ. ಕಾದ ಇಸ್ತ್ರಿ ಬಿದ್ದರೆ ಕರಗಿ ಕಲೆಯಾಗುತ್ತದೆ. ಅದಕ್ಕೇ ಇಸ್ತ್ರಿ ಮಾಡುವ ಮೂಲೆಯಲ್ಲಿ ಶೀಟ್ ಹಾಕಿಸದೆ ಟೈಲ್ಸನ್ನೇ ಬಿಟ್ಟೆ. ಎರಡೂ ಸೇರುವಲ್ಲಿ ಕಾಲು ಎಡವದಂತೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಮೂಲೆ.

ಪೆಡಲ್ ಜಾರುತ್ತದೆ ಅಂತ ಸುಮ್ನೆ ರಬ್ಬರ್ ಮ್ಯಾಟ್ ಹಾಕಬೇಡಿ. ರಬ್ಬರ್ ಬಹಳ ದಿನ ತಾಗಿದ್ದರೆ ವಿನೈಲ್ ಹಳದಿಗಟ್ಟುತ್ತದೆ, ಆ ಕಲೆ ಒರೆಸಿದರೆ ಹೋಗುವುದಿಲ್ಲ. ವಿನೈಲಿಗೆ ಆಗುತ್ತದೆ ಅಂತ ಬರೆದಿರುವ ಮ್ಯಾಟನ್ನೇ ಕೇಳಿ ತನ್ನಿ. ಕುರ್ಚಿಯ ಗಟ್ಟಿ ಪ್ಲಾಸ್ಟಿಕ್ ಚಕ್ರಗಳನ್ನೂ ತೆಗೆಸಿ ಮೆತ್ತನೆಯ ಪಾಲಿಯುರೆಥೇನ್ ಚಕ್ರ ಹಾಕಿಸಿ. ಗಟ್ಟಿ ಚಕ್ರಕ್ಕೆ ಒಂದು ಪಿನ್ನು ಸಿಕ್ಕಿದರೂ ಶೀಟಿನ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ.