ಬೆಳಕೋ, ಬಿಸಿಯೋ? ಸೂಪರ್‌ಕಂಡಕ್ಟರ್ ಮೇಲೆ ಲೇಸರ್ ಬಿಟ್ಟ ನನ್ನ ಅನುಭವ

ಸೂಪರ್‌ಕಂಡಕ್ಟರ್ ಅಂದರೆ ತುಂಬಾ ತಣ್ಣಗಾದಾಗ ಕರೆಂಟಿಗೆ ಅಡ್ಡಿಯನ್ನೇ (ರೆಸಿಸ್ಟೆನ್ಸ್) ಒಡ್ಡದ ವಸ್ತು. ಅದರ ಮೇಲೆ ಲೇಸರ್ ಬಿಟ್ಟರೆ ಏನೋ ಒಂದು ಸಿಗ್ನಲ್ ಬಂದೇ ಬರುತ್ತದೆ. ಅದು ಬೆಳಕಿನ ಕೆಲಸವೋ, ಬೆಳಕು ತಂದ ಬಿಸಿಯ ಕೆಲಸವೋ ಅಂತ ಬಿಡಿಸಿ ನೋಡುವುದೇ ಕಷ್ಟ. ನನ್ನ ಸಮಯ ಜಾಸ್ತಿ ಹಿಡಿದದ್ದೂ ಅದೇ.

ನಾನು ಆರಿಸಿಕೊಂಡಿದ್ದು ವೈಬಿಸಿಒ, ಅಂದರೆ ಯಿಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ಸೂಪರ್‌ಕಂಡಕ್ಟರ್‌ನ ತೆಳು ಪದರ. ಸುಮಾರು 92 ಕೆಲ್ವಿನ್‌ಗಿಂತ ಕೆಳಗೆ ಇದರ ರೆಸಿಸ್ಟೆನ್ಸ್ ಮಾಯವಾಗುತ್ತದೆ. ದ್ರವ ನೈಟ್ರೋಜನ್ 77 ಕೆಲ್ವಿನ್‌ನಲ್ಲಿ ಕುದಿಯುವುದರಿಂದ ಇನ್ನೂ ತಣ್ಣನೆಯ ದ್ರವ ಹೀಲಿಯಂನ ತಾಪತ್ರಯ ಇಲ್ಲ. ಪದರದ ದಪ್ಪ 100 ನ್ಯಾನೋಮೀಟರ್ ಆಸುಪಾಸು ಇಟ್ಟುಕೊಂಡೆ. ಬೆಳಕು ಒಳಗಿಳಿಯುವುದೇ ಹೆಚ್ಚುಕಮ್ಮಿ ಅಷ್ಟು. ಇನ್ನೂ ದಪ್ಪವಾದರೆ ಮೇಲ್ಭಾಗ ಮಾತ್ರ ಬದಲಾಗುತ್ತದೆ, ಅಡಿಭಾಗ ಕರೆಂಟನ್ನು ಏನೂ ಆಗದ ಹಾಗೆ ಸಾಗಿಸಿಬಿಡುತ್ತದೆ. ಪದರವನ್ನು ಕಿರಿದಾದ ಸೇತುವೆಯಾಗಿ ಕೊರೆದು, ಅದರಲ್ಲಿ ಸ್ಥಿರ ಕರೆಂಟ್ ಹರಿಸಿ, ಕ್ರಯೋಸ್ಟಾಟ್ (ಸ್ಯಾಂಪಲ್ ತಣ್ಣಗಿಡುವ ಪಾತ್ರೆ) ಕಿಟಕಿಯ ಮೂಲಕ 800 ನ್ಯಾನೋಮೀಟರ್‌ನ ಫೆಮ್ಟೋಸೆಕೆಂಡ್ ಪಲ್ಸ್, ಅಂದರೆ ಅತಿ ಕಿರು ಬೆಳಕಿನ ಮಿಡಿತ, ಬಿಟ್ಟೆ.

ಅತಿ ದೊಡ್ಡ ಸಿಗ್ನಲ್ ಸಿಗುವುದು 92 ಕೆಲ್ವಿನ್ ಹತ್ತಿರ. ಅದನ್ನು ನಂಬಬೇಡಿ. ಅಲ್ಲಿ ರೆಸಿಸ್ಟೆನ್ಸ್ ಕಡಿದಾಗಿ ಏರುತ್ತದೆ, ಚೂರು ಬಿಸಿಯಾದರೂ ವೋಲ್ಟೇಜ್ ಹಾರುತ್ತದೆ. ಪದರವನ್ನು ಕೂರಿಸಿದ ತಾಮ್ರದ ಬ್ಲಾಕ್ ಮೇಲಿನ ಸೆನ್ಸರ್ ಇದನ್ನು ತೋರಿಸುವುದಿಲ್ಲ. ಬ್ಲಾಕ್ ತಣ್ಣಗಿರುವಾಗಲೇ ಪದರ ಬಿಸಿಯಾಗಿರುತ್ತದೆ. ಅದಕ್ಕೇ ಈ ಭಾಗದಲ್ಲಿ ನಾನು ಪದರದ ರೆಸಿಸ್ಟೆನ್ಸನ್ನೇ ಥರ್ಮಾಮೀಟರ್ ಮಾಡಿಕೊಂಡೆ.

ನಿಜವಾದ ಸೊಗಸು ಇರುವುದು ಕೆಳಗೆ, ರೆಸಿಸ್ಟೆನ್ಸ್ ಪೂರ್ತಿ ಸೊನ್ನೆಯಾದ ಜಾಗದಲ್ಲಿ. 800 ನ್ಯಾನೋಮೀಟರ್‌ನ ಒಂದು ಫೋಟಾನ್‌ನಲ್ಲಿ 1.55 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ. ಅಡ್ಡಿಯಿಲ್ಲದೆ ಕರೆಂಟ್ ಹೊರುವ ಎಲೆಕ್ಟ್ರಾನ್ ಜೋಡಿಯನ್ನು (ಕೂಪರ್ ಜೋಡಿ) ಒಡೆಯಲು ಬೇಕಾದದ್ದಕ್ಕಿಂತ ಇದು ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಒಂದು ಫೋಟಾನ್ ಸಾಲುಸಾಲಾಗಿ ಹಲವು ಜೋಡಿಗಳನ್ನು ಒಡೆಯುತ್ತದೆ. ಉಳಿದ ಜೋಡಿಗಳು ಅಷ್ಟೇ ಕರೆಂಟನ್ನು ಹೊರಬೇಕು, ಅಂದರೆ ಇನ್ನೂ ಜೋರಾಗಿ ಓಡಬೇಕು. ಇದು ಕೈನೆಟಿಕ್ ಇಂಡಕ್ಟೆನ್ಸ್, ಅಂದರೆ ಓಡುವ ಜೋಡಿಗಳ ಜಡತ್ವದಿಂದ ಬರುವ ಇಂಡಕ್ಟೆನ್ಸ್, ಏರಿದ ಹಾಗೆ. ಕರೆಂಟ್ ಹರಿಯುತ್ತಿರುವಾಗ ಇಂಡಕ್ಟೆನ್ಸ್ ಬದಲಾದರೆ ವೋಲ್ಟೇಜ್ ಬರುತ್ತದೆ. ರೆಸಿಸ್ಟೆನ್ಸ್ ಇಲ್ಲದೆಯೇ ವೋಲ್ಟೇಜ್ ಹುಟ್ಟುತ್ತದೆ!

ಆಸಿಲೋಸ್ಕೋಪ್‌ನಲ್ಲಿ ಇದು ಹೀಗೆ ಕಾಣುತ್ತದೆ: ಮೊದಲು ಮೇಲಕ್ಕೆ ಚೂಪಾದ ಮೊನೆ, ಬೆನ್ನಿಗೇ ಕೆಳಕ್ಕೆ ಇನ್ನೊಂದು. ಜೋಡಿ ಒಡೆಯುವಾಗ ಇಂಡಕ್ಟೆನ್ಸ್ ಏರುತ್ತದೆ, ಮತ್ತೆ ಕೂಡುವಾಗ ಇಳಿಯುತ್ತದೆ, ಹಾಗಾಗಿ ವೋಲ್ಟೇಜ್ ಚಿಹ್ನೆ ಬದಲಾಗುತ್ತದೆ. ಎರಡರ ವಿಸ್ತೀರ್ಣವೂ ಸಮ ಬರಬೇಕು. ಬರೀ ಬಿಸಿಯಿಂದ ಹುಟ್ಟುವ ರೆಸಿಸ್ಟೆನ್ಸ್‌ಗೆ ಕೆಳಗಿನ ಮೊನೆ ಇರುವುದಿಲ್ಲ, ಮೇಲೇ ಉಳಿದು ನಿಧಾನವಾಗಿ ಬಾಲ ಎಳೆಯುತ್ತದೆ.

ಆದರೆ ಆಂಪ್ಲಿಫೈಯರ್ ಡಿಸಿ (ಬದಲಾಗದೆ ನಿಂತ ವೋಲ್ಟೇಜ್) ದಾಟಿಸದಿದ್ದರೆ ಅದೂ ಸುಳ್ಳು ಕೆಳಮೊನೆ ಹುಟ್ಟಿಸಬಹುದು, ಅಲ್ವಾ? ಅದಕ್ಕೆ ಅದೇ ವೈರಿಂಗ್ ಇಟ್ಟುಕೊಂಡು 92 ಕೆಲ್ವಿನ್ ಮೇಲೆ ಹೋಗಿ ನೋಡಿದೆ. ಕೆಳಮೊನೆ ಇರಲಿಲ್ಲ. ಕರೆಂಟ್ ದಿಕ್ಕು ತಿರುಗಿಸಿದಾಗ ಇಡೀ ಆಕಾರ ತಲೆಕೆಳಗಾಗಬೇಕು, ಆಯಿತು. ಕರೆಂಟ್ ಇಲ್ಲದೆಯೂ ವೋಲ್ಟೇಜ್ ಬಂದರೆ ಅದನ್ನು ಪಕ್ಕಕ್ಕಿಡಬೇಕು. ಓರೆಯಾಗಿ ಬೆಳೆದ ವೈಬಿಸಿಒ ಪದರದಲ್ಲಿ ಬಿಸಿಯ ವ್ಯತ್ಯಾಸದಿಂದಲೇ ವೋಲ್ಟೇಜ್ ಹುಟ್ಟುವುದುಂಟು.

ಈ ಪ್ರಶ್ನೆ ಹಳೆಯದು. 1971ರಲ್ಲಿ ಭೌತವಿಜ್ಞಾನಿ ಟೆಸ್ಟಾರ್ಡಿ ಸೀಸದ ತೆಳು ಪದರಗಳ ಮೇಲೆ ಲೇಸರ್ ಬಿಟ್ಟು, ಬಿಸಿಯೊಂದೇ ಕಾರಣವಲ್ಲ ಅಂತ ವಾದಿಸಿದ್ದರು. ಮುಂದೆ 2001ರಲ್ಲಿ ನಯೋಬಿಯಂ ನೈಟ್ರೈಡ್‌ನ ಕಿರುಪಟ್ಟಿಯಿಂದ ಒಂಟಿ ಫೋಟಾನ್ ಹಿಡಿಯುವುದೂ ಸಾಧ್ಯವಾಯಿತು. ತಿರುವುಮುರುವು ದಾರಿಯೂ ಇದೆ. ಬೆಳಕಿನಿಂದ ಸೂಪರ್‌ಕಂಡಕ್ಟಿವಿಟಿಯನ್ನು ಹುಟ್ಟಿಸುವ ಪ್ರಯತ್ನ ಅದು. ಭೌತವಿಜ್ಞಾನಿ ಆಂಡ್ರಿಯಾ ಕವಲ್ಲೇರಿ ತಂಡ 2016ರಲ್ಲಿ ಕೆ3ಸಿ60ಯಲ್ಲಿ (ಪೊಟ್ಯಾಸಿಯಂ ಸೇರಿದ, 60 ಕಾರ್ಬನ್ ಚೆಂಡುಗಳ ವಸ್ತು) 100 ಕೆಲ್ವಿನ್ ತನಕ ಅಂಥ ಗುರುತು ಕಂಡಿತು. ಅದರ ಸಹಜ ಮಿತಿ ಬರೀ 20 ಕೆಲ್ವಿನ್. ನನಗೆ ಅದು ತುಂಬಾ ಇಷ್ಟವಾದ ಕೆಲಸ.

ನನ್ನ ಸೇತುವೆಗೆ ಬಂದರೆ, ಲೇಸರ್ ಪವರ್ ಮೆಲ್ಲಗೆ ಏರಿಸುತ್ತಾ ಹೋದಂತೆ ಕೆಳಗಿನ ಮೊನೆ ಕುಗ್ಗುತ್ತದೆ, ಬಾಲ ಉದ್ದವಾಗುತ್ತದೆ. ಸೇತುವೆ ಪೂರ್ತಿ ನಾರ್ಮಲ್ (ರೆಸಿಸ್ಟೆನ್ಸ್ ಇರುವ) ಸ್ಥಿತಿಗೆ ಹೋದರೆ ತಣ್ಣಗಾಗಲು ನ್ಯಾನೋಸೆಕೆಂಡ್‌ಗಳೇ ಬೇಕು, ಬೆಳಕಿಗೆ ಥಟ್ಟನೆ ಬದಲಾಗಿ ಥಟ್ಟನೆ ಮರಳುವ ವೇಗದ ಸ್ವಿಚ್ ಆಗುವ ಲಾಭ ಅಲ್ಲಿಗೆ ಮುಗಿಯಿತು. ಎರಡೂ ಮೊನೆ ಸಮ ಇರುವ ಪವರ್‌ವರೆಗೆ ಮಾತ್ರ ನಾನು ಹೋಗುತ್ತೇನೆ. ಮಿತಿ ಪ್ರತಿ ಪದರಕ್ಕೂ ಬೇರೆ. ಹೊಸ ಸ್ಯಾಂಪಲ್ ಹಾಕಿದಾಗಲೆಲ್ಲ ಮೊದಲು ಅದನ್ನೇ ಅಳೆಯುತ್ತೇನೆ.