ಗುಜರಿ ಉಕ್ಕಿನಿಂದ ತಾಮ್ರವನ್ನು ದೂರವಿಡುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಮಚ್ಛೆಯಲ್ಲಾಗಲಿ ಇಂಡಕ್ಷನ್ ಭಟ್ಟಿ (ವಿದ್ಯುತ್ ಕಾಯಿಲಿನಿಂದ ಲೋಹ ಕರಗಿಸುವ ಕುಲುಮೆ) ನಡೆಸುವವರು ಉಕ್ಕನ್ನು ಶುದ್ಧಗೊಳಿಸಬೇಕಾದ ಜಾಗ ಭಟ್ಟಿಯಲ್ಲ, ಗುಜರಿ ಇಳಿಸುವ ಅಂಗಳ. ಕರಗಿದ ಮೇಲೆ ನೋಡಿಕೊಂಡರಾಯಿತು ಎಂಬ ಭರವಸೆ ಕೆಲವು ಕಲ್ಮಶಗಳ ಮಟ್ಟಿಗೆ ನಡೆದೀತು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೊದಲೇ ಆಮ್ಲಜನಕವನ್ನು ಹಿಡಿದುಕೊಂಡು ಮೇಲೆ ತೇಲುವ ಕಿಟ್ಟದೊಳಗೆ ಸೇರುತ್ತದೆ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಬಿಳಿ ಹೊಗೆಯಾಗಿ ಹೊರಡುತ್ತದೆ. ತಾಮ್ರ, ತವರ, ನಿಕಲ್‌ಗಳಿಗೆ ಆಮ್ಲಜನಕದ ಮೇಲಿನ ಒಲವು ಕಬ್ಬಿಣಕ್ಕಿರುವುದಕ್ಕಿಂತ ಕಡಿಮೆಯಾದ್ದರಿಂದ, ಎಷ್ಟು ಆಮ್ಲಜನಕ ಊದಿದರೂ ಮೊದಲು ಸುಡುವುದು ಕಬ್ಬಿಣವೇ ಹೊರತು ಅವಲ್ಲ.

ತಾಮ್ರದಿಂದ ಆಗುವ ಕೇಡು ಎರಕ ಹೊಯ್ದಾಗಲೇ ಕಾಣುವುದಿಲ್ಲ. ಇಂಗಾಟನ್ನು, ಅಂದರೆ ಎರಕದ ಗಟ್ಟಿಯನ್ನು, ರೋಲಿಂಗ್‌ಗೆ ಅಥವಾ ಫೋರ್ಜಿಂಗ್‌ಗೆ ಮತ್ತೆ ಕಾಯಿಸಿದಾಗ ಮೇಲ್ಮೈಯ ಕಬ್ಬಿಣ ಪೊರೆಯಾಗಿ ಉದುರುತ್ತದೆ, ತಾಮ್ರ ಅಲ್ಲೇ ಉಳಿದು ದಟ್ಟವಾಗುತ್ತದೆ, 1085 ಡಿಗ್ರಿಗೆ ಕರಗುವ ಆ ತಾಮ್ರ ಉಕ್ಕಿನ ಕಣಗಳ ಸಂದುಗಳಿಗೆ ಇಳಿಯುತ್ತದೆ. ಮೊದಲ ಏಟಿಗೇ ಮೈ ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ. ತವರವೂ ಜೊತೆಗಿದ್ದರೆ ಇದು ಇನ್ನಷ್ಟು ಕಡಿಮೆ ತಾಮ್ರಕ್ಕೇ ಸಂಭವಿಸುತ್ತದೆ. ಆಳವಾಗಿ ಒತ್ತಿ ರೂಪಿಸುವ ತೆಳು ಹಾಳೆಗೆ ತಾಮ್ರ ಶೇಕಡಾ 0.06ರ ಆಸುಪಾಸಿನಲ್ಲೇ ನಿಲ್ಲಬೇಕು. ಕಟ್ಟಡದ ಸರಳು ಶೇಕಡಾ 0.40ರವರೆಗೂ ತಾಳಿಕೊಳ್ಳುತ್ತದೆ.

ನಮ್ಮ ಭಾಗದಲ್ಲಿ ತಾಮ್ರ ಬರುವ ಮುಖ್ಯ ದಾರಿಯೆಂದರೆ ಸುಟ್ಟುಹೋದ ಪಂಪ್ ಮೋಟಾರು. ವೈಂಡಿಂಗ್ (ತಾಮ್ರದ ತಂತಿಯ ಸುರುಳಿ) ತೆಗೆದ ಸ್ಟೇಟರ್ (ಮೋಟಾರಿನ ತಿರುಗದ ಹೊರಭಾಗ) ಎಂದು ಬಂದದ್ದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಬೇಕು: ಎರಡೂ ತುದಿಗಳಲ್ಲಿ ತಂತಿಯ ಸುರುಳಿಯನ್ನು ಉಳಿಯಿಂದ ಕತ್ತರಿಸಿರುತ್ತಾರೆ, ಆದರೆ ತಂತಿ ಕೂರಿಸುವ ಸೀಳುಗಳಾದ ಸ್ಲಾಟ್‌ಗಳ ಒಳಗೆ ಸುಟ್ಟ ವಾರ್ನಿಷ್ ಹಿಡಿದ ತಂತಿಯ ತುಂಡುಗಳು ಹಾಗೆಯೇ ಕಚ್ಚಿಕೊಂಡಿರುತ್ತವೆ. ಮೊಳೆಯ ಮೊನೆಯಿಂದ ಕೆರೆದರೆ ಮಸಿಯ ಕೆಳಗೆ ಕೆಂಪು ಮಿನುಗುತ್ತದೆ. ಬೆಲೆ ಬಾಳುವ ತಾಮ್ರವನ್ನು ಗುಜರಿಯವರು ಸುಮ್ಮನೆ ಬಿಟ್ಟುಕೊಡುವುದಿಲ್ಲ, ನಮಗೆ ಬರುವುದು ಅವರು ಬಿಚ್ಚಲು ಬೇಸರಪಟ್ಟು ಬಿಟ್ಟ ಪಾಲು ಮಾತ್ರ; ಆದರೂ 500 ಕೆಜಿ ಚಾರ್ಜಿಗೆ (ಒಮ್ಮೆ ಭಟ್ಟಿಗೆ ಹಾಕುವ ಸರಕಿಗೆ) ಒಂದೂವರೆ ಕೆಜಿ ಸೇರಿದರೆ ಶೇಕಡಾ 0.30 ಆಗಿಬಿಡುತ್ತದೆ. ಸ್ಲಾಟಿನ ಅಳತೆಯ ಪಂಚ್ ಇಟ್ಟು ಬಡಿದು ತುಂಡುಗಳನ್ನು ಹೊರದಬ್ಬಬೇಕು. ಸಬ್‌ಮರ್ಸಿಬಲ್ ಮೋಟಾರಿನ ರೋಟರಿನಲ್ಲಿ (ತಿರುಗುವ ಒಳಭಾಗದಲ್ಲಿ) ಸರಳುಗಳೂ ಹಲವು ಬಾರಿ ತಾಮ್ರದವೇ ಆಗಿರುವುದರಿಂದ ಅದನ್ನು ಚಾರ್ಜಿಗೆ ಸೇರಿಸದಿರುವುದೇ ಲೇಸು. ಆಯಸ್ಕಾಂತವನ್ನು ಇಲ್ಲಿ ನಂಬಬಾರದು. ಸುತ್ತಲಿನ ಉಕ್ಕು ಅಂಟಿಕೊಳ್ಳುವುದರಿಂದ ಒಳಗಿನ ತಾಮ್ರವೂ ಅದರೊಂದಿಗೇ ಎದ್ದು ಬರುತ್ತದೆ.

ಸಕ್ಕರೆ ಕಾರ್ಖಾನೆಗಳ ಹಳೆಯ ಸಾಮಾನಿನಲ್ಲಿ ಹಿತ್ತಾಳೆಯ ಕೊಳವೆ ಮತ್ತು ಗನ್‌ಮೆಟಲ್ ಬೇರಿಂಗ್‌ಗಳನ್ನು ಹುಡುಕಬೇಕು, ಏಕೆಂದರೆ ಗನ್‌ಮೆಟಲ್ ತಾಮ್ರದ ಜೊತೆಗೆ ತವರವನ್ನೂ ತರುತ್ತದೆ. ಆಯಸ್ಕಾಂತಕ್ಕೆ ಅಂಟದ ಭಾರದ ತುಂಡು ಸ್ಟೇನ್‌ಲೆಸ್ ಇರಬಹುದು, ಕಲ್ಲು ಕ್ರಷರಿನ ಮ್ಯಾಂಗನೀಸ್ ಉಕ್ಕಿನ ಜಾ ಪ್ಲೇಟೂ ಇರಬಹುದು. ಎರಡನ್ನೂ ಪ್ರತ್ಯೇಕ ರಾಶಿಗೆ ಹಾಕಬೇಕು. ಗ್ರೈಂಡರಿಗೆ ಹಿಡಿದು ನೋಡುವ ಕಿಡಿ ಪರೀಕ್ಷೆ ಇಂಗಾಲದ ಅಂದಾಜು ಕೊಡುತ್ತದೆಯೇ ಹೊರತು ತಾಮ್ರವನ್ನು ತೋರಿಸುವುದಿಲ್ಲ. ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ಕಿರಣದಿಂದ ಲೋಹದಲ್ಲಿರುವ ಅಂಶಗಳನ್ನು ತೋರಿಸುವ ಕೈಯಂತ್ರ) ಇದ್ದವರು ತುಕ್ಕು, ಬಣ್ಣಗಳನ್ನು ಉಜ್ಜಿ ತೆಗೆದ ಜಾಗಕ್ಕೇ ಅದನ್ನು ಹಿಡಿಯಬೇಕು.

ಸೀಸದ ವಿಷಯ ಬೇರೆ. ಅದು ಉಕ್ಕಿನಲ್ಲಿ ಬೆರೆಯದೆ ತಳಕ್ಕೆ ಇಳಿದು ಲೈನಿಂಗಿನ (ಭಟ್ಟಿಯ ಒಳಗೋಡೆಯ) ಬಿರುಕುಗಳಲ್ಲಿ ಸೇರಿಕೊಂಡು ಕಾಯಿಲ್‌ನತ್ತ ಸಾಗುತ್ತದೆ. ಸೀಸವಿರುವ ಬ್ಯಾಟರಿಯ ತುಂಡು, ಸಿಡಿಯುವ ಅಪಾಯವಿರುವ ಬಾಯಿ ಮುಚ್ಚಿದ ಸಿಲಿಂಡರ್, ಕತ್ತರಿಸದ ಶಾಕ್ ಅಬ್ಸಾರ್ಬರ್, ಒದ್ದೆ ಗುಜರಿ, ಇವು ಭಟ್ಟಿಯ ಹತ್ತಿರವೂ ಬರಬಾರದು. ಸತು ಲೇಪಿತ ತಗಡು ಹಾಕುವುದಾದರೆ ಹೊಗೆ ಎಳೆಯುವ ವ್ಯವಸ್ಥೆ ನಡೆಯುತ್ತಿರಬೇಕು. ಆ ಬಿಳಿ ಹೊಗೆ ಕುಡಿದವನಿಗೆ ರಾತ್ರಿಯಷ್ಟೊತ್ತಿಗೆ ಚಳಿಜ್ವರ ಬರುತ್ತದೆ.

ಇಷ್ಟಾದ ಮೇಲೂ ಕಣ್ತಪ್ಪು ಆಗುತ್ತದೆ. ಆದ್ದರಿಂದ ಭಟ್ಟಿ ಮುಕ್ಕಾಲು ತುಂಬುವ ಮೊದಲೇ ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋ ಪರೀಕ್ಷೆಗೆ (ಲೋಹದಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವುದಕ್ಕೆ) ಕೊಡಬೇಕು, ಏಕೆಂದರೆ ಉಳಿದಿರುವ ಒಂದೇ ಉಪಾಯವಾದ ತೆಳುಗೊಳಿಸುವಿಕೆಗೆ ಜಾಗ ಬೇಕು. 600 ಕೆಜಿ ದ್ರವದಲ್ಲಿ ಶೇಕಡಾ 0.30 ತಾಮ್ರವಿದ್ದರೆ ಅದರ ತೂಕ 1.8 ಕೆಜಿ, ತಾಮ್ರವಿಲ್ಲದ 300 ಕೆಜಿ ಸೇರಿಸಿದರೆ 900 ಕೆಜಿಯಲ್ಲಿ ಅದು ಶೇಕಡಾ 0.20ಕ್ಕೆ ಇಳಿಯುತ್ತದೆ. ನಾನೊಮ್ಮೆ ಒಂದು ಟನ್ ಭಟ್ಟಿಯನ್ನು ಕಂಠದವರೆಗೆ ತುಂಬಿಸಿ ಆಮೇಲೆ ಸ್ಯಾಂಪಲ್ ಕಳಿಸಿದ್ದೆ. ಸೇರಿಸಲು ಜಾಗವಿಲ್ಲದೆ ಮೂರನೆಯ ಒಂದು ಭಾಗವನ್ನು ಗಟ್ಟಿ ಹೊಯ್ಯುವ ಪಿಗ್ ಅಚ್ಚುಗಳಿಗೆ ಸುರಿಯಬೇಕಾಯಿತು. ತೆಳುಗೊಳಿಸಲು ಬಳ್ಳಾರಿ, ಕೊಪ್ಪಳದ ಕಡೆಯ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಒಳ್ಳೆಯದು, ಆದರೆ ಅದರಲ್ಲಿರುವ ಮಣ್ಣಿನಂಶದಿಂದ ಕಿಟ್ಟವೂ ವಿದ್ಯುತ್ ಖರ್ಚೂ ಹೆಚ್ಚುತ್ತವೆ. ಮೂಲ ಗೊತ್ತಿರುವ ಪ್ರೆಸ್ ಶಾಪಿನ ಸ್ವಚ್ಛ ತಗಡು ಕತ್ತರಿಕೆ ಸಿಕ್ಕರೆ ಅದನ್ನೇ ನಾನು ಆರಿಸುತ್ತೇನೆ. ಪಿಗ್ ಐರನ್ (ಇಂಗಾಲ ಹೆಚ್ಚಿರುವ ಕಚ್ಚಾ ಕಬ್ಬಿಣ) ಎರಕದ ಕಬ್ಬಿಣಕ್ಕೆ ಹೊಂದುತ್ತದೆ. ಉಕ್ಕಿಗೆ ಹಾಕಿದರೆ ಇಂಗಾಲ ಏರುತ್ತದೆ.

ತಾಮ್ರ ಹೆಚ್ಚಿದ ಹೀಟಿನ (ಒಮ್ಮೆ ಕರಗಿಸಿದ ಲೋಹದ) ರನ್ನರ್, ರೈಸರ್‌ಗಳನ್ನು, ಅಂದರೆ ಎರಕದಿಂದ ಕತ್ತರಿಸಿ ತೆಗೆದ ಹೆಚ್ಚುವರಿ ಭಾಗಗಳನ್ನು, ಮಾಮೂಲಿ ರಾಶಿಗೆ ಎಸೆದರೆ ಅದೇ ತಾಮ್ರ ಮುಂದಿನ ವಾರ ಮತ್ತೆ ಭಟ್ಟಿಗೆ ಬರುತ್ತದೆ. ಅವುಗಳಿಗೆ ಕೆಂಪು ಬಣ್ಣ ಬಳಿದು ಹೀಟ್ ನಂಬರ್ ಬರೆದು ಬೇರೆ ಇಡಬೇಕು. ಪರ್ಲೈಟ್ (ಗಟ್ಟಿತನ ಕೊಡುವ ಒಳರಚನೆ) ಹೆಚ್ಚು ಬೇಕಾದ ಎಸ್.ಜಿ. ಕಬ್ಬಿಣಕ್ಕೆ (ಗೋಳಾಕಾರದ ಗ್ರಾಫೈಟ್ ಇರುವ ಎರಕದ ಕಬ್ಬಿಣಕ್ಕೆ) ನಾವೇ ದುಡ್ಡು ಕೊಟ್ಟು ತಾಮ್ರ ಹಾಕುತ್ತೇವಲ್ಲ, ಬೇರೆ ಕಲ್ಮಶಗಳಿಲ್ಲವೆಂದು ಸ್ಪೆಕ್ಟ್ರೋದಲ್ಲಿ ಖಾತ್ರಿಯಾದರೆ ಆ ಕೆಂಪು ರಾಶಿಯನ್ನು ಅಲ್ಲಿಗೆ ಬಳಸಿಕೊಳ್ಳಬಹುದು.