ಫ್ಯಾಕ್ಟರಿ ಎಚ್‌ಆರ್‌ನಿಂದ ಮಕ್ಕಳ ಸಂಸ್ಥೆಯ ಎಚ್‌ಆರ್ ಮುಖ್ಯಸ್ಥರ ಹುದ್ದೆಗೆ: ಅರ್ಜಿ ಹಾಕುವುದು ಹೇಗೆ?

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಹಾಜರಿ, ಪಿಎಫ್, ಬೋನಸ್, ಯೂನಿಯನ್ ಮಾತುಕತೆ ಅಂತ ಕಳೆದೆ. ಆಮೇಲೆ ಮಕ್ಕಳಿಗಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಗಳ ಎಚ್‌ಆರ್ ಹುದ್ದೆಗಳಿಗೆ ಅರ್ಜಿ ಹಾಕತೊಡಗಿದೆ. ಮೊದಲ ಸಲ ಸಂದರ್ಶನಕ್ಕೂ ಕರೆಯಲಿಲ್ಲ. ಎರಡನೇ ಸಲ ಕರೆದು, ಬೇಡ ಅಂದರು. ಮೂರನೆಯದು ಕೂಡಿ ಬಂತು. ಈಗ ನಾನೇ ಮೇಜಿನ ಆ ಕಡೆ ಕೂತು ಅರ್ಜಿ ಓದುತ್ತೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬರುವ ಅರ್ಜಿಗಳಲ್ಲಿ ನಾನು ಮಾಡಿದ ತಪ್ಪುಗಳೇ ಮತ್ತೆ ಮತ್ತೆ ಕಾಣುತ್ತವೆ.

ಹುದ್ದೆಯ ಹೆಸರು ಬೇರೆ ಬೇರೆ ಇರಬಹುದು. ಎಚ್‌ಆರ್ ಡೈರೆಕ್ಟರ್, ಪೀಪಲ್ ಅಂಡ್ ಕಲ್ಚರ್ ಮುಖ್ಯಸ್ಥರು, ಎಚ್‌ಆರ್ ಬಿಸಿನೆಸ್ ಪಾರ್ಟ್‌ನರ್. ಕೆಲಸ ಹೆಚ್ಚುಕಡಿಮೆ ಒಂದೇ. ಯಾರನ್ನು ಒಳಗೆ ತೆಗೆದುಕೊಳ್ಳಬೇಕು, ಯಾರನ್ನು ಹೊರಗಿಡಬೇಕು ಅನ್ನುವ ಬಾಗಿಲು ಕಾಯುವುದು.

ಹೆಜ್ಜೆ 1: ಯಾವ ಥರದ ಸಂಸ್ಥೆ ಅಂತ ನೋಡಿ

ಮಕ್ಕಳ ಸಂಸ್ಥೆಗಳೆಲ್ಲ ಒಂದೇ ಥರ ಇರುವುದಿಲ್ಲ. ಸೇವ್ ದಿ ಚಿಲ್ಡ್ರನ್ 1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಮೊದಲ ಮಹಾಯುದ್ಧ ನಿಂತಿದ್ದರೂ ಸೋತ ದೇಶಗಳಿಗೆ ಆಹಾರ ಹೋಗದಂತೆ ತಡೆ ಹಾಕಲಾಗಿತ್ತು. ಶತ್ರು ದೇಶದ ಮಕ್ಕಳಿಗೂ ಅನ್ನ ಸಿಗಬೇಕು ಅಂತ ಎಗ್ಲಂಟೈನ್ ಜೆಬ್ ಮತ್ತು ಅವರ ತಂಗಿ ಡೊರೊತಿ ಬಕ್ಸ್‌ಟನ್ ಹಣ ಕೂಡಿಸಲು ನಿಂತರು. ಪ್ಲಾನ್ ಇಂಟರ್‌ನ್ಯಾಷನಲ್ 1937ರಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ದಿಕ್ಕಿಲ್ಲದಾದ ಮಕ್ಕಳಿಗಾಗಿ ಶುರುವಾದದ್ದು. ಎಸ್‌ಒಎಸ್ ಮಕ್ಕಳ ಗ್ರಾಮಗಳ ಮೂಲ ಆಸ್ಟ್ರಿಯಾದ ಇಮ್‌ಸ್ಟ್ ಪಟ್ಟಣದಲ್ಲಿದೆ, 1949ರಲ್ಲಿ. ಯುನಿಸೆಫ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದು ವಿಶ್ವಸಂಸ್ಥೆಯ ಅಂಗ, ಅದರ ನೇಮಕಾತಿಯೇ ಬೇರೆ.

ಇಸವಿಗಳನ್ನು ಬಾಯಿಪಾಠ ಮಾಡಿ ಸಂದರ್ಶನದಲ್ಲಿ ಒಪ್ಪಿಸಿ ಅಂತ ಹೇಳುತ್ತಿಲ್ಲ. ಸಂಸ್ಥೆ ಮಾಡುವ ಕೆಲಸದ ಮೇಲೆ ಎಚ್‌ಆರ್ ತಲೆನೋವು ಬದಲಾಗುತ್ತದೆ, ಅದಕ್ಕೆ ಹೇಳಿದೆ. ಎಸ್‌ಒಎಸ್ ಗ್ರಾಮವನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದೊಂದು ಮನೆಯಲ್ಲಿ ಮಕ್ಕಳ ಜೊತೆಗೇ ಇರುವ 'ಅಮ್ಮ' ಕೂಡ ಸಂಬಳ ಪಡೆಯುವ ನೌಕರಳು. ಅವಳ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ? ರಜೆ ಹಾಕಿ ತವರಿಗೆ ಹೋದರೆ ಮಕ್ಕಳನ್ನು ಯಾರು ನೋಡುತ್ತಾರೆ? ನಿವೃತ್ತಿ ಆದಮೇಲೆ ಅವಳ ಮನೆ ಯಾವುದು? ಮೂರು ಶಿಫ್ಟ್ ಲೆಕ್ಕ ಹಾಕಿ ಬಂದ ನನ್ನಂಥವರಿಗೆ ಇದು ಹೊಸ ಗಣಿತ. ಪ್ರವಾಹ, ಯುದ್ಧದ ಜಾಗಕ್ಕೆ ಹೋಗುವ ಸಂಸ್ಥೆಯಲ್ಲಾದರೆ ಕೆಲವೇ ದಿನಗಳಲ್ಲಿ ಜನ ಬೇಕು. ಆಗ ಅವಸರ ಮತ್ತು ಎಚ್ಚರಿಕೆ ಎರಡೂ ಒಟ್ಟಿಗೆ ಇರಬೇಕಾಗುತ್ತದೆ.

ಹೆಜ್ಜೆ 2: ದುಡ್ಡಿನ ಲೆಕ್ಕ ತಿಳಿದುಕೊಳ್ಳಿ

ನಾನು ಕೆಲಸ ಬದಲಿಸುತ್ತೇನೆ ಅಂದಾಗ ಅವ್ವ ಕೇಳಿದ್ದು ಒಂದೇ: "ಧರ್ಮದ ಕೆಲಸಕ್ಕ ಪಗಾರ ಕೊಡ್ತಾರೇನವಾ?"

ಕೊಡುತ್ತಾರೆ. ಆದರೆ ಎಲ್ಲಿಂದ ಕೊಡುತ್ತಾರೆ ಅನ್ನುವುದು ಅರ್ಜಿದಾರರಿಗೆ ಗೊತ್ತಿರಬೇಕು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ ಎಫ್‌ಸಿಆರ್‌ಎ ಕಾನೂನು ಇದೆ. 2020ರ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದೂ ಬಂದ್ ಆಯಿತು. ಆಡಳಿತ ನೋಡುವವರ ಸಂಬಳ ಆಡಳಿತ ಖರ್ಚಿನಲ್ಲೇ ಬರುತ್ತದೆ. ಅಂದರೆ ವಿದೇಶಿ ಹಣದಿಂದ ಪಗಾರ ಆಗುವುದಾದರೆ ಎಚ್‌ಆರ್ ಮುಖ್ಯಸ್ಥರ ಪಗಾರವೂ ಆ 20ರೊಳಗೇ! ನಾಲ್ಕು ಜನರ ತಂಡ ಕಟ್ಟುತ್ತೇನೆ, ಹೊಸ ಸಾಫ್ಟ್‌ವೇರ್ ತರುತ್ತೇನೆ ಅಂತ ಅರ್ಜಿಯಲ್ಲಿ ಬರೆದರೆ ಓದುವವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಇದ್ದ ಇಬ್ಬರಲ್ಲೇ ಕೆಲಸ ನಡೆಸಿದ್ದು ಇದ್ದರೆ ಅದನ್ನು ಬರೆಯಿರಿ.

ಹೆಜ್ಜೆ 3: ಜಾಹೀರಾತನ್ನು ಪೆನ್ಸಿಲ್ ಹಿಡಿದು ಓದಿ

ಇಂಥ ಹುದ್ದೆಗಳು ಸಂಸ್ಥೆಗಳ ಸ್ವಂತ ಜಾಲತಾಣದಲ್ಲಿ, ಪರಿಹಾರ ಸಂಸ್ಥೆಗಳ ಕೆಲಸಗಳನ್ನು ಪ್ರಕಟಿಸುವ ರಿಲೀಫ್‌ವೆಬ್‌ನಂಥ ತಾಣಗಳಲ್ಲಿ ಬರುತ್ತವೆ. ಹುದ್ದೆಯ ವಿವರದಲ್ಲಿ 'ಇರಲೇಬೇಕು' ಮತ್ತು 'ಇದ್ದರೆ ಒಳ್ಳೆಯದು' ಅಂತ ಎರಡು ಪಟ್ಟಿ ಇರುತ್ತವೆ. ಮೊದಲ ಪಟ್ಟಿಯ ಒಂದೊಂದು ಸಾಲಿಗೂ ನಿಮ್ಮ ಒಂದೊಂದು ಘಟನೆ ಹೊಂದಿಸಿ. ಅರ್ಜಿ ಸೋಸುವವರು ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಅಂಕ ಹಾಕುತ್ತಾರೆ.

ಕರ್ನಾಟಕ ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯೂ, ಕೌಸಾಳಿ ಸಂಸ್ಥೆಯ ಎಂಬಿಎ ಇದ್ದರೆ ಒಂದು ಸಾಲು ಸಾಕು. ಡಿಗ್ರಿ ಬಗ್ಗೆ ಅರ್ಧ ಪುಟ ಬರೆಯುವುದು ನಮ್ಮ ಕಡೆಯವರ ಚಟ.

ಹೆಜ್ಜೆ 4: 'ಮಕ್ಕಳೆಂದರೆ ನನಗೆ ಪ್ರಾಣ' ಅಂತ ಬರೆಯಬೇಡಿ

ನನ್ನ ಮೊದಲ ಅರ್ಜಿಯ ಮೊದಲ ಸಾಲು ಅದೇ ಆಗಿತ್ತು. ಯಾಕೆ ಕರೆಯಲಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಮಕ್ಕಳನ್ನು ಕಂಡರೆ ಪ್ರೀತಿ ಅಂತ ಎಲ್ಲರೂ ಬರೆಯುತ್ತಾರೆ. ಮಕ್ಕಳ ಹತ್ತಿರ ಬಿಡಬಾರದವರು ಎಲ್ಲರಿಗಿಂತ ಚೆನ್ನಾಗಿ ಬರೆಯಬಹುದು.

ಅರ್ಜಿಯ ಜೊತೆ ಕೇಳುವ ಒಂದೆರಡು ಪುಟದ ಹೇಳಿಕೆಯಲ್ಲಿ ನೀವು ಮಾಡಿದ ಕೆಲಸ ಕಾಣಬೇಕು. ಅದಕ್ಕೆ ನಮ್ಮ ಕಡೆ ಸರಕು ಬೇಕಾದಷ್ಟಿದೆ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮು, ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲ, ತಾರಿಹಾಳದ ವರ್ಕ್‌ಶಾಪು. ಗುತ್ತಿಗೆದಾರ ಕರೆತಂದ ಗುಂಪಿನಲ್ಲಿ ಒಂದು ಎಳೆಯ ಮುಖ ಕಂಡರೆ ಇಲ್ಲಿನ ಎಚ್‌ಆರ್‌ನವರಿಗೆ ಏನು ಮಾಡಬೇಕು ಅಂತ ಗೊತ್ತು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ತುಂಬದ ಮಕ್ಕಳನ್ನು ಇಂಥ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ.

'ನೇಮಕಾತಿಯಲ್ಲಿ ಹತ್ತು ವರ್ಷಗಳ ಅನುಭವ' ಅನ್ನುವ ಬದಲು ಹೀಗೆ ಬರೆದು ನೋಡಿ: 'ಗುತ್ತಿಗೆದಾರ ಕಳಿಸಿದ ಹುಡುಗಿಯ ವಯಸ್ಸಿನ ಬಗ್ಗೆ ಅನುಮಾನ ಬಂತು. ಶಾಲೆಯ ದಾಖಲೆ ತರಿಸಿದೆ. ಹದಿಮೂರು ಇತ್ತು. ಗೇಟಿನ ಒಳಗೆ ಬಿಡಲಿಲ್ಲ. ಗುತ್ತಿಗೆದಾರನ ಬಿಲ್ ತಡೆಹಿಡಿದೆ.'

ಇಷ್ಟು ಬರೆದವರು ನೂರರಲ್ಲಿ ಹತ್ತು ಜನ ಇದ್ದಾರು. ಆದರೆ ಆಯ್ಕೆ ಮಾಡುವವರು ಇದಕ್ಕೂ ಮುಂದೆ ಒಂದು ಪ್ರಶ್ನೆ ಕೇಳುತ್ತಾರೆ. ಗೇಟಿನಿಂದ ಹೊರಗೆ ಕಳಿಸಿದ ಆ ಹುಡುಗಿ ಆಮೇಲೆ ಎಲ್ಲಿಗೆ ಹೋದಳು? ಫ್ಯಾಕ್ಟರಿ ಎಚ್‌ಆರ್‌ಗೆ ಮಗು ಗೇಟಿನ ಹೊರಗೆ ಹೋದರೆ ಕೆಲಸ ಮುಗಿಯಿತು. ಮಕ್ಕಳ ಸಂಸ್ಥೆಗೆ ಕೆಲಸ ಅಲ್ಲಿಂದ ಶುರು. ಅವಳು ಪಕ್ಕದ ಗೋದಾಮಿಗೆ ಹೋಗಿ ತೊಟ್ಟು ಬಿಡಿಸುತ್ತಾ ಕೂತರೆ ನೀವು ಕಾಪಾಡಿದ್ದು ಕಂಪನಿಯನ್ನು, ಅವಳನ್ನಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಿರಾ? ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿದ್ದಿರಾ? ಮಾಡಿದ್ದರೆ ಬರೆಯಿರಿ. ಮಾಡದಿದ್ದರೆ ಸುಳ್ಳು ಸೇರಿಸಬೇಡಿ, ಈಗಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಬರೆಯಿರಿ.

ಹೆಜ್ಜೆ 5: ಎರಡು ಕಾನೂನು ಕಲಸಬೇಡಿ

ನನ್ನ ಎರಡನೇ ಸಂದರ್ಶನ ಕೈತಪ್ಪಿದ್ದು ಇಲ್ಲಿ. ಪ್ರಶ್ನೆ ಹೀಗಿತ್ತು: 'ನಿಮ್ಮ ಫೀಲ್ಡ್ ಸಿಬ್ಬಂದಿಯೊಬ್ಬ ಕೆಟ್ಟದಾಗಿ ಮೈ ಮುಟ್ಟಿದ ಅಂತ ಹದಿನೈದರ ಹುಡುಗಿ ಹೇಳಿದ್ದಾಳೆ. ಏನು ಮಾಡುತ್ತೀರಿ?' ನಾನು ಗಂಟಲು ಸರಿಮಾಡಿಕೊಂಡು ಫ್ಯಾಕ್ಟರಿ ಉತ್ತರ ಕೊಟ್ಟೆ. ಕಾರಣ ಕೇಳುವ ನೋಟಿಸ್, ಆಂತರಿಕ ಸಮಿತಿ, ಇಲಾಖಾ ವಿಚಾರಣೆ, ವರದಿ. ತುಂಬಾ ಚೆನ್ನಾಗಿ ಹೇಳಿದೆ ಅಂದುಕೊಂಡು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ವಾಪಸ್ ಬಂದೆ.

ಪೂರ್ತಿ ತಪ್ಪು. ಆಂತರಿಕ ಸಮಿತಿ ಬರುವುದು 2013ರ ಪಾಶ್ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳದ ದೂರಿಗೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಅದು ಇರಲೇಬೇಕು, ವಿಚಾರಣೆಗೆ 90 ದಿನ ಸಮಯವಿದೆ. ಮಗುವಿನ ವಿಷಯ ಬಂದರೆ 2012ರ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ. ಅಲ್ಲಿ ನೀವು ವಿಚಾರಣೆ ಮಾಡಿ ನಿಜವೋ ಸುಳ್ಳೋ ತೀರ್ಮಾನಿಸುವಂತಿಲ್ಲ. ವಿಷಯ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಕೈಕೆಳಗಿನವರ ಕೃತ್ಯ ಗೊತ್ತಿದ್ದೂ ತಿಳಿಸದಿದ್ದರೆ ಸಂಸ್ಥೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆ ನೌಕರನನ್ನು ಮಕ್ಕಳಿಂದ ಕೂಡಲೇ ದೂರ ಇಡುವುದು, ಮಗುವಿನ ಹೆಸರು ಎಲ್ಲೂ ಹೊರಬೀಳದಂತೆ ನೋಡಿಕೊಳ್ಳುವುದು, ಇವೂ ಎಚ್‌ಆರ್ ಕೆಲಸವೇ. ಶಿಸ್ತು ಕ್ರಮ ಆಮೇಲಿನ ಮಾತು.

ಹೆಜ್ಜೆ 6: 'ನಡತೆ ಉತ್ತಮ' ಅನ್ನುವ ಚೀಟಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಫ್ಯಾಕ್ಟರಿಯಲ್ಲಿದ್ದಾಗ ಒಬ್ಬ ಮೇಲ್ವಿಚಾರಕನ ಮೇಲೆ ಹೆಣ್ಣುಮಕ್ಕಳು ಬಾಯಿಮಾತಿನ ದೂರು ತಂದರು. ಮೇಲಿನವರು, 'ರಾಜೀನಾಮೆ ಕೊಟ್ಟು ಹೋಗಲಿ, ಗಲಾಟೆ ಬೇಡ' ಅಂದರು. ಅವನು ಹೋದ. ಹೋಗುವಾಗ ಅನುಭವ ಪತ್ರ ಕೇಳಿದ. ನಾನೇ ಟೈಪ್ ಮಾಡಿಸಿ ಸಹಿ ಹಾಕಿದೆ. ಕೊನೆಯ ಸಾಲು, ಎಲ್ಲ ಪತ್ರದಲ್ಲೂ ಇರುವ ಅದೇ ಸಾಲು: ನಡತೆ ಉತ್ತಮ. ಮುಂದೆ ಅವನು ಎಲ್ಲಿ ಸೇರಿದ ಅಂತ ನಾನು ವಿಚಾರಿಸಲಿಲ್ಲ. ಎಷ್ಟು ಜನ ಎಚ್‌ಆರ್‌ನವರು ಇಂಥ ಪತ್ರಕ್ಕೆ ಸಹಿ ಹಾಕಿಲ್ಲ, ಹೇಳಿ?

ಇದೇ ಅಭ್ಯಾಸ ಪರಿಹಾರ ಸಂಸ್ಥೆಗಳಲ್ಲೂ ಇತ್ತು. ಹೈಟಿಯಲ್ಲಿ 2010ರ ಭೂಕಂಪದ ನಂತರ ಪರಿಹಾರಕ್ಕೆ ಹೋದ ಕೆಲವರ ದುರ್ನಡತೆ 2018ರಲ್ಲಿ ಬಯಲಾಯಿತು. ಒಂದು ಕಡೆ ಬಿಟ್ಟವರು ಇನ್ನೊಂದು ಸಂಸ್ಥೆಯಲ್ಲಿ ಸಲೀಸಾಗಿ ಕೆಲಸ ಹಿಡಿಯಬಹುದಾಗಿತ್ತು ಅನ್ನುವುದು ಎಲ್ಲರ ಕಣ್ಣಿಗೆ ಬಿತ್ತು. ಮರುವರ್ಷ ಮಿಸ್‌ಕಂಡಕ್ಟ್ ಡಿಸ್‌ಕ್ಲೋಷರ್ ಸ್ಕೀಮ್ ಅನ್ನುವ ಏರ್ಪಾಡು ಬಂತು. ಅದರಲ್ಲಿ ಸೇರಿದ ಸಂಸ್ಥೆ, ಅಭ್ಯರ್ಥಿ ಕಳೆದ ಐದು ವರ್ಷ ಕೆಲಸ ಮಾಡಿದ ಎಲ್ಲ ಕಡೆ ನೇರವಾಗಿ ಕೇಳುತ್ತದೆ. ಲೈಂಗಿಕ ದುರ್ನಡತೆ ಸಾಬೀತಾಗಿತ್ತೆ? ತನಿಖೆ ನಡೆಯುತ್ತಿರುವಾಗಲೇ ಬಿಟ್ಟು ಹೋದದ್ದು ಇದೆಯೇ? ನಮ್ಮಲ್ಲೂ 2020ರ ಪೋಕ್ಸೊ ನಿಯಮಗಳಲ್ಲಿ, ಮಕ್ಕಳ ಜೊತೆ ನಿತ್ಯ ಒಡನಾಡುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ತಪಾಸಣೆಯನ್ನು ಆಗಾಗ ಮಾಡಿಸಬೇಕು ಅಂತಿದೆ.

ಮೂರನೇ ಸಂದರ್ಶನದಲ್ಲಿ ನನ್ನನ್ನು ಕೇಳಿದರು: 'ನೌಕರನ ಬಗ್ಗೆ ನಿಜವಲ್ಲದ್ದನ್ನು ಯಾವಾಗಲಾದರೂ ಬರೆದುಕೊಟ್ಟಿದ್ದೀರಾ?' ಇಲ್ಲ ಅನ್ನಬಹುದಿತ್ತು. ಆ ಪತ್ರದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, 'ಈಗಾಗಿದ್ದರೆ?' ಅಂದರು. ಬಾಯಿಮಾತಿನ ದೂರನ್ನು ಬರೆಸಿಕೊಳ್ಳುತ್ತೇನೆ, ಅವನು ರಾಜೀನಾಮೆ ಕೊಟ್ಟರೂ ವಿಚಾರಣೆ ಮುಗಿಸುತ್ತೇನೆ, ಪತ್ರದಲ್ಲಿ ಕೆಲಸದ ಅವಧಿ ಬಿಟ್ಟು ಒಂದು ಅಕ್ಷರ ಹೆಚ್ಚಿಗೆ ಬರೆಯುವುದಿಲ್ಲ, ಮುಂದಿನವರು ಕೇಳಿದರೆ ಇದ್ದದ್ದನ್ನು ಹೇಳುತ್ತೇನೆ ಅಂದೆ.

ನಿಮ್ಮಲ್ಲೂ ಇಂಥದ್ದೊಂದು ಇರಬಹುದು. ಅರ್ಜಿಯಲ್ಲಿ ಬೇಡ, ಆದರೆ ಸಂದರ್ಶನಕ್ಕೆ ಮುಂಚೆ ಒಬ್ಬರೇ ಕೂತು ನೆನಪಿಸಿಕೊಳ್ಳಿ. ಹೆಸರು, ಕಂಪನಿ ಹೇಳದೆ ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ಹೆಜ್ಜೆ 7: ಕಾಗದ ಪತ್ರ

ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ವಿದೇಶದ ಹುದ್ದೆಯಾದರೆ ಪಾಸ್‌ಪೋರ್ಟ್ ಸೇವೆಯ ಮೂಲಕ, ಹುಬ್ಬಳ್ಳಿಯಲ್ಲೇ ಕೇಂದ್ರ ಇದೆ. ಹೊರದೇಶದಲ್ಲಿ ಇದ್ದು ಬಂದಿದ್ದರೆ ಆ ದೇಶದ ಪತ್ರವನ್ನೂ ಕೇಳಬಹುದು. ರೆಸ್ಯೂಮೆಯಲ್ಲಿ ಖಾಲಿ ಬಿದ್ದ ತಿಂಗಳುಗಳಿದ್ದರೆ ಕಾರಣ ಬರೆಯಿರಿ. ಹೆರಿಗೆ, ಅತ್ತೆಯ ಆರೈಕೆ, ಕೆಲಸ ಸಿಗದೆ ಮನೆಯಲ್ಲಿದ್ದದ್ದು, ಯಾವುದೂ ನಾಚಿಕೆಯಲ್ಲ. ಬರೆಯದೆ ಬಿಟ್ಟ ಆರು ತಿಂಗಳೇ ಅನುಮಾನಕ್ಕೆ ದಾರಿ.

ಯಾರಾದರೂ ಅರ್ಜಿ ಶುಲ್ಕ, ತರಬೇತಿ ಶುಲ್ಕ, ವೀಸಾ ಠೇವಣಿ ಅಂತ ಹಣ ಕೇಳಿದರೆ ಅದು ಮೋಸ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಜ್ಜೆ 8: ಸಂದರ್ಶನದ ದಿನ

ಲಂಡನ್ ಕಚೇರಿಯವರು ಬೆಳಗ್ಗೆ 10 ಅಂದರೆ ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ, ಅವರ ಬೇಸಿಗೆಯಲ್ಲಿ ಎರಡೂವರೆ. ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ಬದಲಾಗುತ್ತದೆ. ಆ ವಾರಗಳಲ್ಲಿ ಸಮಯವನ್ನು ಇನ್ನೊಮ್ಮೆ ಕೇಳಿಕೊಳ್ಳಿ. ಕರೆಂಟ್ ನಂಬಬೇಡಿ, ಫೋನಿನ ಡೇಟಾ ಸಿದ್ಧ ಇರಲಿ.

ಇಂಗ್ಲಿಷ್ ಬಗ್ಗೆ ಜಾಸ್ತಿ ಹೆದರಬೇಡಿ. ಏನು ಪರಿಸ್ಥಿತಿ ಇತ್ತು, ನಿಮ್ಮ ಪಾಲಿನ ಕೆಲಸ ಏನು, ಏನು ಮಾಡಿದಿರಿ, ಕೊನೆಗೆ ಏನಾಯಿತು. ಈ ಕ್ರಮದಲ್ಲಿ ಸಣ್ಣ ಸಣ್ಣ ವಾಕ್ಯ ಸಾಕು. 'ನಾವು ಮಾಡಿದೆವು' ಅನ್ನುವುದು ನಮ್ಮ ಸಂಸ್ಕಾರ, ಸರಿ. ಆದರೆ ನೀವು ಮಾಡಿದ್ದೇನು ಅಂತ ಅವರಿಗೆ ತಿಳಿಯಬೇಕಲ್ವಾ? ಅಲ್ಲಿ ಮಾತ್ರ 'ನಾನು' ಅನ್ನಿ. ಕೆಲವು ಸಂಸ್ಥೆಗಳಲ್ಲಿ ಹರೆಯದ ಮಕ್ಕಳೂ ಪ್ರಶ್ನೆ ಕೇಳಲು ಕೂರುತ್ತಾರೆ. ಅವರ ಮುಂದೆ ಉಪದೇಶ ಶುರು ಮಾಡಿದರೆ ಮುಗಿಯಿತು ಕಥೆ.

ಹೆಜ್ಜೆ 9: ಆಫರ್ ಬಂದಮೇಲೆ

ಪತ್ರದಲ್ಲಿ ಹುದ್ದೆಯ ಅವಧಿ ನೋಡಿ. ಯೋಜನೆಯ ಹಣ ಇರುವವರೆಗೆ ಮಾತ್ರ ಅಂತ ಇರುವುದು ಸಾಮಾನ್ಯ. ತಿಂಗಳಿಗೆ ಎಷ್ಟು ದಿನ ಓಡಾಟ ಅಂತಲೂ ಕೇಳಿ. ಮುಖ್ಯವಾಗಿ, ಆಫರ್ ಬಂದ ಖುಷಿಯಲ್ಲಿ ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಡಬೇಡಿ. ಹಿಂದಿನ ಮಾಲೀಕರ ಉತ್ತರ, ಪೊಲೀಸ್ ಪತ್ರ ಎಲ್ಲ ಸರಿಬಂದರೆ ಮಾತ್ರ ಆ ಆಫರ್ ನಿಲ್ಲುತ್ತದೆ. ನನ್ನ ಹಳೆಯ ಫ್ಯಾಕ್ಟರಿಯಿಂದ ನನ್ನ ಬಗ್ಗೆ ಉತ್ತರ ಬರಲು ಏಳು ವಾರ ಹಿಡಿಯಿತು. ನನ್ನ ಜಾಗಕ್ಕೆ ಬಂದ ಹುಡುಗ ಮೊದಲು ಕಳಿಸಿದ್ದು ಅದೇ ಹಳೆಯ ನಮೂನೆ, ಕೊನೆಗೆ ಅದೇ 'ನಡತೆ ಉತ್ತಮ'. ಅದು ಆಗುವುದಿಲ್ಲ, ಕೇಳಿದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯಬೇಕು ಅಂತ ಸಂಸ್ಥೆಯವರು ವಾಪಸ್ ಕಳಿಸಿದರು.